ಹಾಲುಕ್ಕಿಸದ ಮನೆ

ನಮ್ಮ ಮನೆಗೆ ಗಾರೆ ಮಾಡಿಸಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ ಹೋದ ಬೇಸಿಗೆಯನ್ನೆಲ್ಲ ತಿಂದುಹಾಕಿತು. ಕೇಳಿದವರಿಗೆ ನಗು ಬರಬಹುದು. ಗಾರೆ, ಪೇಂಟು ಎಲ್ಲ ಮನೆ ಕಟ್ಟುವಾಗಲೇ ಮುಗಿಯಬೇಕಾದ ಮಾತು, ನಾವಾದರೋ ಈ ಮನೆಗೆ ಬಂದು ಹತ್ತಿರ ಹತ್ತಿರ ನಲವತ್ತು ವರ್ಷವಾಯಿತು. ಆದರೆ ಪ್ರಶ್ನೆ ಎತ್ತಿದವರು ನನ್ನ ಯಜಮಾನರು. ಈ ಮನೆಯ ಆರ್ಕಿಟೆಕ್ಟೂ ಅವರೇ, ಓನರೂ ಅವರೇ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ನಡುಮನೆಯ ಗೋಡೆಯನ್ನೇ ನೋಡುತ್ತ ನಿಂತಿದ್ದವರು, "ಇದ್ಯಾಕೆ ಇನ್ನೂ ಪ್ಲಾಸ್ಟರಿಂಗ್ ಆಗಿಲ್ಲ? ಮೇಸ್ತ್ರಿ ಎಲ್ಲೋದ?" ಎಂದರು.

ಜೋಕ್ ಇರಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು, ಈ ಮನೆಯ ವಿಷಯದಲ್ಲಿ ಅವರು ಯಾವತ್ತೂ ಜೋಕ್ ಮಾಡಿದವರಲ್ಲ.

ಚಿತ್ರದುರ್ಗದ ಅಂಚಿನಲ್ಲಿ, ಹಿಂದೆ ಬಂಡೆ, ಮುಂದೆ ರಸ್ತೆ ಇರುವ ಜಾಗ ನಮ್ಮದು. ಮನೆಯೆಂದರೆ ಉದ್ದಕ್ಕೆ ಮಲಗಿಸಿದ ಎರಡು ಕಾಂಕ್ರೀಟ್ ಪೆಟ್ಟಿಗೆಗಳು. ಮೆಟ್ಟಿಲಿಲ್ಲ, ಒಳಗೆ ಹೋಗಲು ಒಂದು ರ‍್ಯಾಂಪು. ಗಾರೆಯಿಲ್ಲ, ಬಣ್ಣವಿಲ್ಲ. ಕಾಂಕ್ರೀಟ್ ಸುರಿಯುವಾಗ ಆಧಾರಕ್ಕೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆಗಳ ನಾರು, ಗಂಟು, ಮೊಳೆಯ ತಲೆ ಎಲ್ಲವೂ ಗೋಡೆಯ ಮೇಲೆ ಅಚ್ಚಾಗಿ ಹಾಗೇ ಉಳಿದಿವೆ. ಆ ದಿನಗಳಲ್ಲಿ ಯಾರಾದರೂ ಸುಣ್ಣ, ಡಿಸ್ಟೆಂಪರ್ ಎಂದರೆ ನನ್ನವರು ಹಿಂದಿನ ಬಂಡೆಯ ಕಡೆ ಕೈ ತೋರಿಸಿ, "ಅದಕ್ಕೆ ಯಾರಾದ್ರೂ ಸುಣ್ಣ ಹೊಡೀತಾರಾ?" ಎಂದು ಕೇಳುತ್ತಿದ್ದರು. ಅಲ್ಲಿಗೆ ಡಿಸ್ಕಷನ್ ಕ್ಲೋಸ್.

ಊರಿಗೆ ಮಾತ್ರ ಈ ಮನೆ ಇವತ್ತಿಗೂ ಮುಗಿದಿಲ್ಲ. ಟೈಲ್ಸ್ ಮಾರುವವರು ಬಂದು ವಿಸಿಟಿಂಗ್ ಕಾರ್ಡ್ ಕೊಟ್ಟು ಹೋಗುತ್ತಾರೆ. ಒಮ್ಮೆ ಟ್ರ್ಯಾಕ್ಟರಿನವನು ಪಕ್ಕದ ಬೀದಿಯವರ ಮರಳನ್ನು ನಮ್ಮ ರ‍್ಯಾಂಪಿನ ಮುಂದೆ ಸುರಿದು, "ನಿಮ್ದೇ ಅಲ್ವೇನ್ರಿ, ಇನ್ನೂ ಕಟ್ತಾ ಇರಾದು?" ಎಂದು ನನ್ನನ್ನೇ ದಬಾಯಿಸಿದ್ದ. ಸೊಪ್ಪಿನ ಹೆಂಗಸೊಬ್ಬಳು ಎಷ್ಟೋ ವರ್ಷ ನನ್ನನ್ನು ವಾಚ್‌ಮನ್ ಹೆಂಡತಿ ಎಂದುಕೊಂಡಿದ್ದಳು. "ನಿಮ್ ಓನರಿಗೆ ಬೇರೆ ಊರಾಗೆ ಮನೆ ಐತೇನವ್ವ? ಇದನ್ನ ಯಾಕೆ ಹಿಂಗೇ ಬಿಟ್ಟವ್ರೆ?" ಎಂದು ಅನುಕಂಪದಿಂದ ಒಂದು ಕಟ್ಟು ಮೆಂತ್ಯ ಹೆಚ್ಚಿಗೆ ಹಾಕುತ್ತಿದ್ದಳು. ನಾನೂ ತಿದ್ದಲಿಲ್ಲ. ಸೊಪ್ಪು ಫ್ರೆಶ್ ಇರುತ್ತಿತ್ತು.

ನನಗೆ ಈ ಮನೆ ಇಷ್ಟವೇ ಎಂದು ನೀವು ಕೇಳಿದರೆ ಸ್ಟ್ರೇಟ್ ಆನ್ಸರ್ ಇಲ್ಲ. ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಸಿಸ್ಟರ್‌ಗಳು ನಮಗೆ ಕ್ರೋಶಾ ಕಲಿಸಿ, ಟೀಪಾಯಿಗೆ ಒಂದು, ರೇಡಿಯೋಗೆ ಒಂದು ಎಂದು ಲೇಸಿನ ಹೊದಿಕೆ ಹೆಣೆಸುತ್ತಿದ್ದರು. ಲೇಸ್ ಕರ್ಟನ್ನಿನ ಕಿಟಕಿ, ಗೋಡೆಯ ಮೇಲೆ ಓರೆಯಾಗಿ ತೂಗುವ ಫ್ಯಾಮಿಲಿ ಫೋಟೋ, ಇಷ್ಟು ನನ್ನ ಕನಸು. ಇಲ್ಲಿ ಕರ್ಟನ್ನಿಗೆ ಪರ್ಮಿಷನ್ ಸಿಗಲಿಲ್ಲ, ಫೋಟೋಗೆ ಗೋಡೆಯೇ ಒಪ್ಪಲಿಲ್ಲ. ಕಾಂಕ್ರೀಟಿಗೆ ಮೊಳೆ ಹೊಡೆದರೆ ಮೊಳೆಯೇ ಸೊಟ್ಟಗಾಗುತ್ತದೆ. ನಮ್ಮ ಕ್ಯಾಲೆಂಡರ್ ಇಷ್ಟು ವರ್ಷವೂ ಫ್ರಿಜ್ಜಿಗೆ ಒರಗಿ ನಿಂತುಕೊಂಡೇ ಕಾಲ ಕಳೆದಿದೆ. ಏಪ್ರಿಲ್ ಬಂತೆಂದರೆ ಗೋಡೆಗಳು ಸಂಜೆಯ ಮೇಲೆ ಕಾವು ಬಿಡಲು ಶುರುಮಾಡಿ, ಒಲೆಯ ಮುಂದೆ ಕೂತ ಹಾಗಾಗುತ್ತದೆ. ಹಾಗಂತ ಇಷ್ಟವಿಲ್ಲ ಎನ್ನಲೂ ಬಾಯಿ ಬರುವುದಿಲ್ಲ. ಸೂರಿನಲ್ಲಿ ಅವರು ಬಿಟ್ಟಿರುವ ಉದ್ದನೆಯ ಸೀಳಿನಿಂದ ಮಧ್ಯಾಹ್ನ ಬಿಸಿಲು ಇಳಿದು, ಹಲಗೆಯ ಗೆರೆಗಳ ಮೇಲೆ ನಿಧಾನಕ್ಕೆ ಸರಿಯುತ್ತದೆ. ಅದರ ಹಿಂದೆ ಹಿಂದೆ ಸ್ಟೂಲ್ ಎಳೆದುಕೊಂಡು ಹೋಗಿ ಅಕ್ಕಿ ಆರಿಸುವುದು ನನ್ನ ಅಭ್ಯಾಸ. ಅದು ಇಷ್ಟವೋ, ಬರೀ ಅಭ್ಯಾಸವೋ, ನನಗೆ ತಿಳಿಯದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಈ ಮನೆಗೆ ನಾವು ಗೃಹಪ್ರವೇಶ ಮಾಡಲಿಲ್ಲ. "ಹೋಮದ ಹೊಗೆಗೆ ಕಾಂಕ್ರೀಟ್ ಕಪ್ಪಾಗತ್ತೆ" ಎಂದು ಇವರು ಬಿಟ್ಟರು. ಹಿರಿಯೂರಿನ ಬಾಡಿಗೆ ಮನೆಯಿಂದ ಟೆಂಪೋದಲ್ಲಿ ಟ್ರಂಕು ಇಳಿಸಿ, ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಕೂತು ಬ್ರೆಡ್ ಜಾಮ್ ತಿಂದೆವು. ಅದೇ ನಮ್ಮ ಫಂಕ್ಷನ್. ಇವರ ಅಕ್ಕ, ನನ್ನ ಅತ್ತಿಗೆ, ಧರ್ಮಪುರದ ಕಡೆಯ ಹಳ್ಳಿಯಿಂದ ಬಂದಿದ್ದವರು ಬ್ರೆಡ್ ಮುಟ್ಟಲಿಲ್ಲ. "ಹಾಲುಕ್ಕಿಸದ ಮನೆಯಾಗೆ ಹೆಂಗಲೇ ಉಣ್ಣಾದು?" ಎಂದು ತಮ್ಮನಿಗೆ ಹೇಳಿ, ರ‍್ಯಾಂಪಿನ ಮೇಲೆ ಕೂತು ತಮ್ಮ ಬುತ್ತಿಯ ರೊಟ್ಟಿ ತಿಂದು ಸಂಜೆ ಬಸ್ಸಿಗೆ ಹೋದರು. ಆಮೇಲೆ ನನ್ನ ಬಾಣಂತನಕ್ಕೆ ಬಂದು ತಿಂಗಳುಗಟ್ಟಲೆ ಉಳಿದರು. ಆ ಮಾತನ್ನು ಅವರೂ ಮರೆತರು, ನಾವೂ ಮರೆತೆವು ಎಂದುಕೊಂಡಿದ್ದೆ.

ಮರೆವು ಬಂದದ್ದು ಇವರಿಗೆ. ಮೊದಲು ಕನ್ನಡಕ, ಮೊಬೈಲು. ಆಮೇಲೆ ಸ್ನೇಹಿತರ ಹೆಸರು. ವಯಸ್ಸಿನದು, ವಾಸಿಯಾಗುವಂಥದ್ದಲ್ಲ, ಹೊಟ್ಟೆಗೆ ಚೆನ್ನಾಗಿ ಕೊಡಿ ಎಂದರು ಡಾಕ್ಟರು. ವಿಚಿತ್ರವೆಂದರೆ ಇಂಗ್ಲಿಷು ಹೋಗುತ್ತ ಹೋಗುತ್ತ ಅವರ ಹಳ್ಳಿಯ ಮಾತು ವಾಪಸ್ ಬಂತು. ಮದುವೆಯಾದ ಹೊಸದರಲ್ಲಿ ನನ್ನ ಕಾನ್ವೆಂಟ್ ಕಿವಿಗೆ ಹೆದರಿಯೋ ಏನೋ ಅವರು ಮಡಿಸಿಟ್ಟಿದ್ದ ಐತೆ, ಅವೆ, ಹೋಗಾಣ ಎಲ್ಲ ಒಂದೊಂದಾಗಿ ಹೊರಗೆ ಬಂದವು. ಸಂಜೆಯಾದರೆ ಸಾಕು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ನಡಿ, ಹೋಗಾಣ. ಕತ್ತಲಾತು."

"ಎಲ್ಲಿಗ್ರೀ?"

"ಮನೆಗೆ. ಸೈಟಾಗೆ ಎಷ್ಟೊತ್ತು ಕುಂತ್ಕಣಾದು?"

ನಮ್ಮ ಜೊತೆಗೇ ಇರುವ ಮಗಳು ಇಲ್ಲಿನ ಕಾಲೇಜಿನಲ್ಲಿ ಲೆಕ್ಚರರ್. ಅವಳು ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ಒಂದು ಸುತ್ತು ಹಾಕಿಸಿ, ಮತ್ತೆ ಇದೇ ರ‍್ಯಾಂಪಿನ ಮುಂದೆ ತಂದು ನಿಲ್ಲಿಸಿ "ಮನೆ ಬಂತು ಅಪ್ಪ" ಎನ್ನುತ್ತಿದ್ದಳು. ಅವರು ಕಿಟಕಿಯಿಂದ ತಲೆ ಹೊರಹಾಕಿ ನೋಡಿ, "ಮತ್ತೆ ಸೈಟಿಗೇ ಕರ್ಕಂಡ್ ಬಂದೆ" ಎಂದು ಬೇಸರ ಮಾಡಿಕೊಳ್ಳುತ್ತಿದ್ದರು.

ಇಷ್ಟಾಗಿದ್ದರೆ ಹೇಗೋ ಸುಧಾರಿಸುತ್ತಿದ್ದೆವು. ಒಂದು ಮಧ್ಯಾಹ್ನ ತಟ್ಟೆಯನ್ನು ಮೆತ್ತಗೆ ನನ್ನ ಕಡೆ ತಳ್ಳಿ, "ಹಾಲುಕ್ಕಿಸದ ಮನೆಯಾಗೆ ಹೆಂಗೆ ಉಣ್ಣಾದು?" ಎಂದರು.

ಆ ದಿನದಿಂದ ಮನೆಯೊಳಗೆ ಊಟ ನಿಂತುಹೋಯಿತು. ಬೇಡಿಕೊಂಡೆ, ಗದರಿದೆ, ಸಿಸ್ಟರ್‌ಗಳ ಹಾಗೆ ಕಣ್ಣು ದೊಡ್ಡದು ಮಾಡಿದೆ. ಊಹೂಂ. ಟೀ ಮಾತ್ರ ಕುಡಿಯುತ್ತಿದ್ದರು, ಅದೂ ಹೊರಗೆ ರ‍್ಯಾಂಪಿನ ಮೇಲೆ ನಿಂತು, ಒಂದು ಬನ್ನು ಅದ್ದಿಕೊಂಡು. ಕೆಲಸ ನಡೆಯುವ ಜಾಗದಲ್ಲಿ ಟೀ, ಬನ್ನು ತಪ್ಪಿಲ್ಲವಂತೆ. ಕೂತಲ್ಲೇ ಕಣ್ಣು ಮುಚ್ಚಿದರೂ ತಪ್ಪಿಲ್ಲವಂತೆ, ಹಾಗಾಗಿ ನಿದ್ದೆ ಈಜಿಚೇರಿನಲ್ಲಿ ಹೇಗೋ ನಡೆಯಿತು. ಹೋಟೆಲಿಗೆ ಕರೆದೊಯ್ದರೆ ಚೆನ್ನಾಗಿ ಉಣ್ಣುತ್ತಿದ್ದರು. ಆದರೆ ಎರಡು ಹೊತ್ತೂ ಹೋಟೆಲಿನ ಮೆಟ್ಟಿಲು ಹತ್ತುವ ಶಕ್ತಿ ಕಾಲಿಗೆ ಉಳಿದಿರಲಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಹೊಸ ತೂತು ಹೊಡೆಸಿದೆವು.

ಆಗಲೇ ಮಗಳು ಗಾರೆಯ ಮಾತು ತೆಗೆದದ್ದು.

"ಅಮ್ಮ, ಅಪ್ಪನ ಕಣ್ಣಿಗೆ ಮನೆ ಮುಗಿದಿದೆ ಅಂತ ಕಾಣ್ಬೇಕು, ಅಷ್ಟೇ. ಒಳಗೆಲ್ಲ ಗಾರೆ ಮಾಡ್ಸಿ, ಒಂದೊಳ್ಳೆ ಕ್ರೀಮ್ ಕಲರ್ ಹೊಡೆಸೋಣ. ಆಗ ಊಟ ಮಾಡ್ತಾರೆ."

"ಗಾರೆ ಬೇಡ ಅಂತ ಜನ್ಮವೆಲ್ಲ ಜಗಳ ಆಡಿದ್ದೂ ನಿಮ್ಮಪ್ಪಾನೇ ಕಣೇ. ಯಾವ ಅಪ್ಪನ ಮಾತು ಕೇಳೋದು?"

"ಊಟ ಬಿಟ್ಟಿರೋ ಅಪ್ಪಂದು."

ಅವಳು ಹೇಳಿದ್ದು ಕರೆಕ್ಟ್ ಎನ್ನಿಸಿತು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ತಪ್ಪು ಎನ್ನಿಸಿತು. ಕಾಫಿ ಕುಡಿದ ಮೇಲೆ ಮತ್ತೆ ಕರೆಕ್ಟ್.

ಗಾರೆ ಮೇಸ್ತ್ರಿ ಬಂದು ಗೋಡೆ ಸವರಿ ನೋಡಿದ. "ಇದು ಭಾಳ ನುಣುಪೈತೆ ಕಣ್ರಿ. ಉಳಿ ಹೊಡೆದು ಗೋಡೆಗೆಲ್ಲ ಕಚ್ಚು ಮಾಡ್ಬೇಕು. ಇಲ್ದಿದ್ರೆ ಗಾರೆ ಹಿಡಿಯಲ್ಲ, ಉದುರ್ತದೆ."

"ಆಮೇಲೆ ಬೇಡ ಅನ್ನಿಸಿದ್ರೆ ತೆಗೆಯೋಕೆ ಬರತ್ತಾ?"

"ತೆಗೀಬಹುದು. ಆದ್ರೆ ಕಚ್ಚು ಎಲ್ಲಿಗೋಗ್ತವ್ರಿ? ಮೊದಲಿನಂಗೆ ಆಗಲ್ಲ."

ಹಾಗಾದರೆ ಮೊದಲು ಒಂದು ಸ್ಯಾಂಪಲ್ ಮಾಡು ಎಂದಳು ಮಗಳು. ಊಟದ ಮೇಜಿನ ಪಕ್ಕದ ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಜಾಗಕ್ಕೆ ಉಳಿ ಬಿತ್ತು. ನಾನು ಹಿತ್ತಲಿಗೆ ಹೋಗಿ ನಿಂತುಕೊಂಡೆ. ಉಳಿಯ ಸದ್ದು ಕೇಳಿ ಇವರು ಮಾತ್ರ ಗೆಲುವಾಗಿಬಿಟ್ಟರು. "ಅಂತೂ ಕೆಲಸ ಶುರುವಾತು" ಎಂದು ಚೇರು ತರಿಸಿಕೊಂಡು ಮೇಸ್ತ್ರಿಯ ಹಿಂದೆ ಕೂತರು. "ಮೂಲೆ ನೋಡ್ಕಳಪ್ಪ, ಮೂಲೆ," ಎಂದು ಆಗಾಗ ಎಚ್ಚರಿಸುತ್ತಿದ್ದರು. ಹೋಗುವಾಗ ಮೇಸ್ತ್ರಿ, ಸೋಮವಾರದಿಂದ ಪೂರ್ತಿ ಹಿಡಿಯೋಣ ಎಂದು ಹತ್ತಿ ನಿಲ್ಲುವ ಸಾರುವೆಯ ಬೊಂಬುಗಳನ್ನು ನಮ್ಮ ಅಂಗಳದಲ್ಲೇ ಒರಗಿಸಿದ.

ಮರುದಿನ ಗಾರೆ ಒಣಗಿತ್ತು. ಇವರು ಅದನ್ನು ಅಂಗೈಯಿಂದ ಸವರಿದರು. "ಚೆನ್ನಾಗೈತೆ." ಕೈ ಹಾಗೇ ಪಕ್ಕದ ಬರಿಯ ಗೋಡೆಗೆ ಸರಿಯಿತು. ಹಲಗೆಯ ಗೆರೆ ಹಿಡಿದು ಬೆರಳು ಮುಂದೆ ಹೋಗಿ, ಮರದ ಗಂಟಿನ ಅಚ್ಚೊಂದರ ಮೇಲೆ ನಿಂತಿತು.

"ಇದನ್ನ ಮಾಡಿದ್ಯಾರು?"

"ನೀವೇ."

"ಮತ್ತೆ ಇದನ್ನ ಯಾಕೆ ಮುಚ್ತಿದೀರ?"

ಸದ್ಯ, ತೀರ್ಮಾನವಾಯಿತು ಎಂದು ನಾನು ಉಸಿರು ಬಿಟ್ಟೆ. ಮಗಳಿಗೆ ಹೇಳೋಣವೆಂದು ಹೊರಟರೆ ಹಿಂದಿನಿಂದ ಅವರದೇ ದನಿ: "ಉಳಿದಿದ್ದು ಯಾವಾಗ ಮಾಡ್ತಾರಂತೆ?" ಮಧ್ಯಾಹ್ನ ತಟ್ಟೆ ಇಟ್ಟಾಗ ಗಾರೆಯ ಗೋಡೆಯ ಎದುರಿಗೇ ಕೂತು, ಅದೇ ಮಾತು ಹೇಳಿ ತಟ್ಟೆ ತಳ್ಳಿದರು. ಹಾಲುಕ್ಕಿಸಿಲ್ಲ.

ಮಗಳು ಅತ್ತಳು. ನಾನು ಧರ್ಮಪುರಕ್ಕೆ ಫೋನ್ ಮಾಡಿದೆ.

ಅತ್ತಿಗೆ ಮಾರನೇ ದಿನವೇ ಮೊದಲ ಬಸ್ಸಿಗೆ ಬಂದರು. ಕಂಕುಳಲ್ಲಿ ಶೇಂಗಾದ ಚೀಲ, ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. ತಮ್ಮನ ಕೆನ್ನೆ ಮುಟ್ಟಿ ನೋಡಿದರು. "ಏನಲೇ ಹಿಂಗಾಗಿದೀಯ. ಯಾಕೆ ಉಣ್ತಿಲ್ಲಂತೆ?"

"ಹಾಲುಕ್ಕಿಸಿಲ್ಲ ಕಣಕ್ಕ."

ಅತ್ತಿಗೆ ನನ್ನ ಕಡೆ ತಿರುಗಿದರು. "ಇದು ನನ್ ಮಾತಲ್ವೇನವ್ವ? ಆವತ್ತು ನಾನಂದಿದ್ದು."

"ಹೌದು ಅತ್ತಿಗೆ."

"ನಾನಂದಾಗ ಕೇಳ್ಲಿಲ್ಲ, ಈಗ ನನಗೇ ಹೇಳ್ತಾನೆ ನೋಡು." ಚೀಲಕ್ಕೆ ಕೈ ಹಾಕಿ ನಾಲ್ಕು ಶೇಂಗಾ ಒಡೆದರು. "ಅಲ್ಲವ್ವ, ನೀವು ಇಷ್ಟು ಓದೀರಿ. ಅವನು ಹಾಲುಕ್ಕಿಸಿಲ್ಲ ಅಂತಾನೆ, ನೀವು ಗೋಡೆ ಕೆತ್ತಿಸ್ತೀರಿ. ಹಾಲುಕ್ಕಿಸ್ರಿ. ಹೋಗಾದೇನು, ಒಂದು ಸೇರು ಹಾಲು."

ಮಗಳು ನಗುವುದೋ ಬಿಡುವುದೋ ತಿಳಿಯದೆ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇದು ನನ್ನವರ ನಂಬಿಕೆಯಲ್ಲ, ಅವರು ನಂಬದೇ ಇದ್ದದ್ದು. ಅವರ ಬುದ್ಧಿ ನೆಟ್ಟಗಿದ್ದಾಗ ಬೇಡವೆಂದದ್ದನ್ನು ಈಗ ಮಾಡುವುದು ಸರಿಯೋ? ಬೆಲ್ಟಿನ ತೂತು ನೆನಪಾಯಿತು. ಮಾಡೋಣ ಎಂದೆ. ಮೇಸ್ತ್ರಿಗೆ ಸೋಮವಾರ ಬೇಡ, ಆಮೇಲೆ ಹೇಳುತ್ತೇವೆ ಎಂದು ಮಗಳು ಫೋನ್ ಮಾಡಿದಳು.

ನಲವತ್ತು ವರ್ಷದ ಮನೆಗೆ ಗೃಹಪ್ರವೇಶ ಎಂದರೆ ಜನರಿಗೆ ಹೇಗೆ ಅರ್ಥವಾಗಬೇಕು? ಹೊಳಲ್ಕೆರೆಯ ನೆಂಟರು ಫೋನಿನಲ್ಲಿ, "ಆ ಮನೆ ಮಾರಿದ್ರೇನ್ರಿ? ಕೊಂಡೋರು ಯಾರು?" ಎಂದರು. ಹೊಸದುರ್ಗದವರು, "ಅಂತೂ ಮುಗೀತಲ್ಲ, ಭಾಳ ಸಂತೋಷ" ಎಂದರು. ಎಲ್ಲರೂ ಗೋಡೆ ಗಡಿಯಾರ ತಂದರು. ತೂಗುಹಾಕಲು ಒಂದು ಮೊಳೆಯೂ ಇಲ್ಲದ ಮನೆಯಲ್ಲಿ ಗಡಿಯಾರಗಳೆಲ್ಲ ದಿವಾನದ ಮೇಲೆ ಸಾಲಾಗಿ ಮಲಗಿದವು.

ಮೊದಲು ಹಸು ಒಳಗೆ ಬರಬೇಕಲ್ಲ, ಮೆಟ್ಟಿಲ ಮನೆಗಳಲ್ಲಿ ಅದಕ್ಕೇ ಅರ್ಧ ಗಂಟೆ ಎಳೆದಾಟ. ನಮ್ಮ ರ‍್ಯಾಂಪನ್ನು ಅದು ತನ್ನ ಕೊಟ್ಟಿಗೆ ಎಂಬಂತೆ ಸಲೀಸಾಗಿ ಹತ್ತಿ ಬಂತು. "ನೋಡವ್ವ," ಎಂದರು ಅತ್ತಿಗೆ, "ಇವ್ನು ಮನುಷ್ಯರಿಗಂತ ಕಟ್ಟಿಲ್ಲ, ದನಕ್ಕಂತಾನೇ ಕಟ್ಟವ್ನೆ." ಹಸು ನಡುಮನೆಯಲ್ಲಿ ಸಗಣಿಯನ್ನೂ ಹಾಕಿತು. ನಾನು ಒರೆಸುವ ಬಟ್ಟೆಗೆ ಓಡುವುದನ್ನು ಕಂಡು, "ಸುಮ್ಕಿರು, ಒಳ್ಳೇದು" ಎಂದು ಅತ್ತಿಗೆ ಕೈ ಹಿಡಿದು ನಿಲ್ಲಿಸಿದರು. ಹೋಮದ ಹೊಗೆ ಸೂರಿನ ಸೀಳಿನ ಕಡೆಗೇ ಏರಿ ಹೊರಗೆ ಹೋಯಿತು. ಇವರು ಹೆದರಿದ್ದಷ್ಟು ಕಪ್ಪೇನೂ ಆಗಲಿಲ್ಲ. ಮೂರು ಇಟ್ಟಿಗೆ ಹೂಡಿ, ಹೊಸ ಪಾತ್ರೆಯಲ್ಲಿ ಹಾಲಿಟ್ಟು, ಅತ್ತಿಗೆಯೇ ಉರಿ ಮಾಡಿದರು. ಹಾಲು ಪೂರ್ವಕ್ಕೆ ಉಕ್ಕಿ ಇಟ್ಟಿಗೆಯ ಮೇಲೆ ಹರಿಯಿತು.

ಇಷ್ಟು ಹೊತ್ತೂ ಇವರು ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಶರ್ಟು ಹಾಕಿಕೊಂಡು ಒಂದು ಬದಿಗೆ ನಿಂತಿದ್ದರು. ಪೂಜೆಗೆ ಕೂರಲಿಲ್ಲ. ಹಾಲುಕ್ಕಿದ ಮೇಲೆ ನೆಟ್ಟಗೆ ನನ್ನ ಬಳಿ ಬಂದು ಕೈ ಮುಗಿದರು.

"ಕಂಗ್ರಾಚುಲೇಷನ್ಸ್ ಮೇಡಂ. ನಿಮ್ಮ ಮನೆ ರೆಡಿ ಆಯ್ತು. ಬನ್ನಿ, ಒಂದ್ಸಲ ತೋರಿಸ್ತೀನಿ."

ಎಷ್ಟೋ ತಿಂಗಳಿಂದ ಕೇಳದಿದ್ದ ದನಿ. ಅವರ ಆಫೀಸಿನ ದನಿ. ಕ್ಲೈಂಟುಗಳ ಜೊತೆ ಮಾತಾಡುವಾಗ ಮಾತ್ರ ಬರುತ್ತಿದ್ದ ಆ ನಯ, ಆ 'ನೀವು'. ನನ್ನನ್ನು ಅವರು ಯಾವತ್ತೂ ನೀನು ಎಂದವರೇ. ಮಗಳು ಏನೋ ಹೇಳಲು ಬಾಯಿ ತೆರೆದಳು. ನಾನು ಬೇಡವೆಂದು ತಲೆಯಾಡಿಸಿದೆ. ಯಾಕೆ ಹಾಗೆ ಮಾಡಿದೆನೋ. ಸೆರಗು ಸರಿಮಾಡಿಕೊಂಡು ಅವರ ಹಿಂದೆ ನಡೆದೆ.

ರ‍್ಯಾಂಪು ಯಾಕೆ, ಸೀಳು ಯಾಕೆ, ಬೆಳಕು ಯಾವ ತಿಂಗಳಲ್ಲಿ ಎಲ್ಲಿಗೆ ಬರುತ್ತದೆ, ಎಲ್ಲವನ್ನೂ ಹೇಳಿದರು. ಒಂದೂ ತಪ್ಪಲಿಲ್ಲ. ಅಡಿಗೆಮನೆಗೆ ಬಂದಾಗ ಕಿಟಕಿಯ ಮುಂದೆ ನಿಂತರು. ಆ ಕಿಟಕಿ ಇಡೀ ಮನೆಯಲ್ಲೇ ಬಹಳ ತಗ್ಗಿನಲ್ಲಿದೆ, ಅಡಿಗೆಕಟ್ಟೆಯೂ ಹಾಗೇ. ಬಂದ ಹೆಂಗಸರೆಲ್ಲ ಬೆನ್ನು ನೋವು ಎನ್ನುತ್ತಾರೆ. ನಾನೂ ಅದನ್ನು ಅವರ ಮಾಡರ್ನ್ ಡಿಸೈನುಗಳಲ್ಲಿ ಒಂದು ಎಂದುಕೊಂಡಿದ್ದೆ.

"ಇದು ಸ್ವಲ್ಪ ಲೋ ಆಗಿದೆ ಮೇಡಂ, ಸಾರಿ. ನನ್ನ ಹೆಂಡತಿ ಕುಳ್ಳಿ. ಅಡಿಗೆ ಮಾಡ್ತಾ ಅವಳಿಗೆ ಕೋಟೆ ಕಾಣ್ಲಿ ಅಂತ ಅವಳ ಅಳತೆಗೆ ಮಾಡಿ ಮಾಡಿ ನನಗೆ ಅದೇ ರೂಢಿ." ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು. "ನೀವೂ ಅಷ್ಟೇ ಹೈಟ್ ಇದ್ದೀರಿ. ನಿಮಗೆ ಅಡ್ಜಸ್ಟ್ ಆಗತ್ತೆ."

"ಆಗತ್ತೆ," ಎಂದೆ. ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಬೇಕಿತ್ತು. ಆದರೆ ಯಾರನ್ನು ಕೇಳುವುದು? ಎದುರಿಗಿದ್ದವರಿಗೆ ನಾನು ಇನ್ನೊಬ್ಬರ ಮನೆಯ ಹೆಂಗಸು. "ಊಟ ಮಾಡ್ಕೊಂಡೇ ಹೋಗ್ಬೇಕು ನೀವು," ಎಂದೆ.

"ಅಯ್ಯೋ, ತೊಂದ್ರೆ ಯಾಕೆ ಮೇಡಂ."

"ಮನೆ ಕಟ್ಟಿಕೊಟ್ಟೋರು ಉಪವಾಸ ಹೋಗಬಾರದು."

ಕೂತರು. ಎಲೆಯ ಮೇಲೆ ಹೋಳಿಗೆ, ಕೋಸಂಬರಿ, ಚಿತ್ರಾನ್ನ ಎಲ್ಲ ಬಿತ್ತು. ಉಂಡರು. ನಿಧಾನವಾಗಿ, ಪರರ ಮನೆಯ ಮರ್ಯಾದೆಯಿಂದ, ಬಡಿಸಿದ್ದಕ್ಕೆಲ್ಲ "ಥ್ಯಾಂಕ್ಯೂ" ಹೇಳುತ್ತ ಉಂಡರು. ಅತ್ತಿಗೆ ಬಾಗಿಲ ಹತ್ತಿರ ನಿಂತು ಕಣ್ಣೊರೆಸಿಕೊಂಡು, "ನನಗೆ ಆವತ್ತು ಬ್ರೆಡ್ ಕೊಟ್ಟ ಬಡ್ಡಿಮಗ" ಎಂದರು.

ಅನ್ನಕ್ಕೆ ಮೊಸರು ಕಲಸುವಾಗ ಇವರು ತಲೆಯೆತ್ತಿ ಎದುರಿನ ಗೋಡೆ ನೋಡಿದರು. ಬಾಗಿಲಿನಷ್ಟು ಗಾರೆ, ಅದರ ಸುತ್ತ ಹಲಗೆಯ ಗೆರೆಗಳು.

"ಒಂದು ಡಿಸಿಷನ್ ಬಾಕಿ ಇದೆ ಮೇಡಂ. ಪೂರ್ತಿ ಗಾರೆ ಮಾಡ್ಸೋದಾ, ಹೀಗೇ ಬಿಡೋದಾ? ನನ್ನ ಅಭಿಪ್ರಾಯ ಬೇರೆ. ಮನೆ ನಿಮ್ದು. ನಿಮಗೆ ಹೇಗೆ ಬೇಕು ಹೇಳಿ."

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮನೆ ಕಟ್ಟುವಾಗ ಕೇಳಿದ್ದರೆ ಇಪ್ಪತ್ತು ಉತ್ತರ ರೆಡಿ ಇಟ್ಟುಕೊಂಡಿದ್ದೆ. ಲೇಸು, ಕರ್ಟನ್ನು, ಮೊಳೆ ಹಿಡಿಯುವ ಗೋಡೆ, ಕ್ರೀಮ್ ಕಲರ್. ಈಗ ದಿವಾನದ ಮೇಲೆ ಗಡಿಯಾರಗಳು ತೂಗಲು ಜಾಗ ಕಾಯುತ್ತಿದ್ದವು. ಬಿಸಿಲು ಮರದ ಗಂಟಿನ ಅಚ್ಚಿನ ತನಕ ಬಂದಿತ್ತು. ನಾನು ಎರಡೂ ಕಡೆ ನೋಡಿದೆ.

"ಸ್ವಲ್ಪ ಟೈಮ್ ಕೊಡಿ," ಎಂದೆ.

"ತಗೊಳ್ಳಿ, ತಗೊಳ್ಳಿ. ಅವಸರ ಏನಿಲ್ಲ. ನಾಳೆ ಬರ್ತೀನಿ."

ಮಾರನೇ ದಿನ ಮಧ್ಯಾಹ್ನ ಅವರು ರ‍್ಯಾಂಪಿನ ಮೇಲಿನ ಚೇರಿನಿಂದ ಎದ್ದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಉಂಡರು. ಕೇಳಿದರು. ನಾನು ಇನ್ನೂ ಯೋಚಿಸುತ್ತಿದ್ದೇನೆ ಎಂದೆ. ಅದರ ಮಾರನೇ ದಿನವೂ. ಬೆಲ್ಟು ಈಗ ಹಳೆಯ ತೂತಿಗೆ ಬಂದಿದೆ. ಮೇಸ್ತ್ರಿ ಬೇಸತ್ತು ತನ್ನ ಬೊಂಬುಗಳನ್ನು ಒಯ್ದ. ಮಗಳು ಒಮ್ಮೆ, "ಅಮ್ಮ, ನಿಂಗೆ ನಿಜವಾಗ್ಲೂ ಏನು ಬೇಕು, ಹೇಳಿಬಿಡು" ಎಂದಳು. ಹೇಳಬಹುದಿತ್ತೇನೋ. ಆದರೆ ಕ್ಲೈಂಟು ತೀರ್ಮಾನ ಹೇಳಿದ ಮೇಲೆ ಆರ್ಕಿಟೆಕ್ಟಿಗೆ ಆ ಮನೆಗೆ ಬರಲು ಏನು ಕೆಲಸ? ಆ ಭಯಕ್ಕೆ ಸುಮ್ಮನಿದ್ದೇನೆಯೋ, ನಿಜಕ್ಕೂ ಗೊತ್ತಿಲ್ಲದೆ ಸುಮ್ಮನಿದ್ದೇನೆಯೋ, ಅದೂ ನನಗೆ ಸರಿಯಾಗಿ ತಿಳಿಯದು.

ಇವತ್ತು ಸೊಪ್ಪಿನ ಸಾರು ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು, ಗೋಡೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ನಕ್ಕರು.

"ಪರವಾಗಿಲ್ಲ ಮೇಡಂ. ನಾಳೆ ಎಷ್ಟು ಹೊತ್ತಿಗೆ ಬರ್ಲಿ?"

"ಊಟದ ಹೊತ್ತಿಗೇ ಬನ್ನಿ," ಎಂದೆ.